ಆಕಾಶದ ಸುಂಕದಕಟ್ಟೆ

ನೆರೆಮನೆಯ ಹಿರಿಯ ತಾಯಿಯೊಬ್ಬರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದರು. ಉಪ್ಪಿನಕಾಯಿಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತುತ್ತ ನನ್ನನ್ನು ಕೇಳಿದರು: "ಅಲ್ಲ ಮೇಷ್ಟ್ರೇ, ಹರಿಹರದಾಗೆ ರೈಲು ನಿಂತಂಗೆ ಇಲ್ಲೇ ಒಂದು ವಿಮಾನ ನಿಂತಿದ್ರೆ ಏನಾಗ್ತಿತ್ತು? ದೇವನಹಳ್ಳಿಗಂಟ ಹೋಗ್ಲೇಬೇಕಾ?" ನಗುತ್ತ ಆಡಿದ ಮಾತಾದರೂ ಪ್ರಶ್ನೆ ಸಣ್ಣದಲ್ಲ. ಮಕ್ಕಳು ಕಡಲಾಚೆ ನೆಲಸಿರುವ ಮನೆಗಳು ದಾವಣಗೆರೆ ಹರಿಹರಗಳಲ್ಲಿ ಈಗ ವಿರಳವಲ್ಲ. ಆ ಮನೆಗಳವರೆಲ್ಲ ಎಂದಾದರೊಂದು ದಿನ ಕೇಳುವ ಪ್ರಶ್ನೆಯಿದು.

ನಿಲ್ಲುವ ತಾಣವೇ ನಿಲ್ದಾಣ. ಆದರೆ ವಿಮಾನ ನಿಂತ ಮಾತ್ರಕ್ಕೆ ಆ ತಾಣಕ್ಕೆ 'ಅಂತರರಾಷ್ಟ್ರೀಯ' ಎಂಬ ವಿಶೇಷಣ ಸಲ್ಲದು. ಅದಕ್ಕೆ ಎರಡು ಸಾಧನಗಳು ಬೇಕು. ಒಂದು, ದೂರ ಹೋಗುವ ಭಾರದ ವಿಮಾನಕ್ಕೆ ಸಾಲುವಷ್ಟು ಉದ್ದದ ಓಡುದಾರಿ, ಎಂದರೆ ರನ್‌ವೇ. ಇನ್ನೊಂದು, ಹಿಂದಿನ ಕಾಲದ ಊರಬಾಗಿಲ ಸುಂಕದಕಟ್ಟೆಯಂಥ ಗಡಿಕಟ್ಟೆ. ಪಾಸ್‌ಪೋರ್ಟು ನೋಡುವವರು, ಸರಕಿನ ಸುಂಕ ನೋಡುವವರು, ರೋಗರುಜಿನ ಒಳಗೆ ಬಾರದಂತೆ ಕಾಯುವವರು ಅಲ್ಲಿರಬೇಕು. ದೇಶದ ಗಡಿ ನಕಾಶೆಯ ಅಂಚಿನಲ್ಲಿ ಮಾತ್ರ ಇರುವುದಲ್ಲ. ಇಂಥ ನಿಲ್ದಾಣದ ಒಳಗೂ ಇರುತ್ತದೆ.

ಇದಕ್ಕೆ ನಿದರ್ಶನ ನಮ್ಮ ನೆರೆಯ ಬಳ್ಳಾರಿಯಲ್ಲಿಯೇ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಚೀಲಗಳನ್ನು ಪುಟ್ಟ ವಿಮಾನದಲ್ಲಿ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮೇಲೆ ಮದರಾಸಿಗೆ ಒಯ್ದರು. ಲಂಡನ್ನಿನ ಕಾಗದ ಹೀಗೆ ಬಳ್ಳಾರಿಯ ಬಯಲಿಗೆ ಇಳಿಯಿತು. ಆದರೂ ಬಳ್ಳಾರಿ ಅಂತರರಾಷ್ಟ್ರೀಯ ನಿಲ್ದಾಣವಾಗಲಿಲ್ಲ. ಹೊರನಾಡಿನ ಅಂಚೆಗೆ ಬಾಗಿಲು ಕರಾಚಿಯೇ ಆಗಿದ್ದಿತು.

ಸ್ವಾತಂತ್ರ್ಯಾನಂತರ 1948ರ ಜೂನ್ 8ರಂದು ಏರ್ ಇಂಡಿಯಾದ ವಿಮಾನವು ಮುಂಬಯಿಯಿಂದ ಕೈರೋ, ಜಿನೀವಾಗಳ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. 1972ರಲ್ಲಿ ಅಂತರರಾಷ್ಟ್ರೀಯ ನಿಲ್ದಾಣಗಳಿಗೆಂದೇ ಒಂದು ಪ್ರಾಧಿಕಾರ ಏರ್ಪಟ್ಟಾಗ ಅದರ ಪಾಲಿಗೆ ಬಂದವು ನಾಲ್ಕೇ: ಮುಂಬಯಿ, ಕಲ್ಕತ್ತ, ದೆಹಲಿ, ಮದರಾಸು. ಕನ್ನಡಿಗನು ಕಡಲು ದಾಟಬೇಕಾದರೆ ಮೊದಲು ನಾಡಿನ ಎಲ್ಲೆ ದಾಟಬೇಕಾಗಿತ್ತು.

ಬೆಂಗಳೂರಿನ ಹಳೆಯ ನಿಲ್ದಾಣವಾದರೋ ಪ್ರಯಾಣಿಕರಿಗಾಗಿ ಹುಟ್ಟಿದುದಲ್ಲ. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನೊಡನೆ ಸ್ಥಾಪಿಸಿದ ವಿಮಾನ ಕಾರ್ಖಾನೆಯ ಬಯಲದು. ಮುಂದೆ ಗಡಿಕಟ್ಟೆಯೂ ಕೂಡಿಬಂದು, ಹೊಸ ಶತಮಾನದ ಆರಂಭಕ್ಕೆ ಅಲ್ಲಿಂದ ಯುರೋಪಿಗೂ ನೇರ ವಿಮಾನ ಹಾರಿತು. ಆದರೆ ಊರು ಬೆಳೆದು ಬಯಲನ್ನು ಸುತ್ತುಗಟ್ಟಿತು. 2008ರ ಮೇ 24ರಂದು ಪ್ರಯಾಣಿಕರ ಸಂಚಾರ ದೇವನಹಳ್ಳಿಗೆ ಸಾಗಿತು. 2013ರಲ್ಲಿ ಅದಕ್ಕೆ ಕೆಂಪೇಗೌಡರ ಹೆಸರಾಯಿತು. 2019ರಲ್ಲಿ ಎರಡನೆಯ ಓಡುದಾರಿ, 2022ರಲ್ಲಿ ಎರಡನೆಯ ಟರ್ಮಿನಲ್ಲಿನ ಉದ್ಘಾಟನೆ ನಡೆದವು.

ಓಡುದಾರಿಗೆ ಇಷ್ಟು ಉದ್ದವೇಕೆ? ದೂರದ ಪಯಣಕ್ಕೆ ಇಂಧನ ಹೆಚ್ಚು ಬೇಕು. ಇಂಧನ ಹೆಚ್ಚಿದಂತೆ ತೂಕ ಹೆಚ್ಚುವುದು. ತೂಕದ ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕು. ಮೇಲಾಗಿ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಅಲ್ಲಿನ ಗಾಳಿ ಕೊಂಚ ತೆಳುವು, ರೆಕ್ಕೆಗೆ ದೊರೆಯುವ ಆಸರೆಯೂ ಅಷ್ಟಕ್ಕಷ್ಟೆ. ಆದುದರಿಂದಲೇ ದೇವನಹಳ್ಳಿಯ ಮೊದಲ ಓಡುದಾರಿ 4,000 ಮೀಟರು ಉದ್ದವಾಗಿದೆ.

ಓಡುದಾರಿಯ ಕಡೆಯಲ್ಲಿ ಬಿಡುವಿನ ಜಾಗವೂ ಅಷ್ಟೇ ಮುಖ್ಯ. ಮಂಗಳೂರಿನ ಬಜ್ಪೆಯಲ್ಲಿ ನಿಲ್ದಾಣವಿರುವುದು ಗುಡ್ಡದ ನೆತ್ತಿಯ ಮೇಲೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ಓಡುದಾರಿ ಮೀರಿ ಕಣಿವೆಗೆ ಬಿದ್ದು 158 ಮಂದಿ ತೀರಿಹೋದರು. ಉಳಿದವರು ಎಂಟೇ ಮಂದಿ. ಊರಿಗೊಂದು ನಿಲ್ದಾಣ ಬೇಡುವಾಗ ಇದನ್ನು ಮರೆಯಬಾರದು.

ಹಾಗಾದರೆ ಉದ್ದದ ಓಡುದಾರಿ ಕಟ್ಟಿಬಿಟ್ಟರೆ ಸಾಕೆ? ಶಿವಮೊಗ್ಗದಲ್ಲಿ 2023ರ ಫೆಬ್ರವರಿ 27ರಂದು ತೆರೆದ ನಿಲ್ದಾಣಕ್ಕೆ 3,200 ಮೀಟರಿನ ಓಡುದಾರಿಯಿದೆ. ಆದರೂ ಅದು ತೆರೆದುಕೊಂಡದ್ದು ದೇಶದೊಳಗಿನ ಸಂಚಾರಕ್ಕೆ. ಗಡಿಕಟ್ಟೆಯ ಸಿಬ್ಬಂದಿಯನ್ನು ಹಗಲಿರುಳೂ ಇರಿಸಬೇಕಾದರೆ ಹೊರದೇಶಕ್ಕೆ ಹೋಗಿಬರುವ ಜನ ದಿನದಿನವೂ ಇರಬೇಕು. ಜನ ಸಾಲದಿದ್ದರೆ ವಿಮಾನ ಬಾರದು; ವಿಮಾನ ಬಾರದಿದ್ದರೆ ಕಟ್ಟೆ ಬರಿದು.

ಆ ತಾಯಿಗೆ ನಾನು ಹೇಳಿದ್ದು ಇಷ್ಟು: "ಅಮ್ಮಾ, ಕೋಟೆಗೆ ಮನೆಗೊಂದು ಬಾಗಿಲು ಇಡುವುದಿಲ್ಲ. ಆದರೆ ಇರುವ ಬಾಗಿಲಿಗೆ ಹೋಗುವ ಹಾದಿ ಸುಗಮವಾಗಿರಬೇಕು. ನಾವು ಕೇಳಬೇಕಾದುದು ಮೊದಲು ಅದನ್ನು." ಕಾರಿನಲ್ಲಿ ಹೋಗುವವರು ಬೆಂಗಳೂರಿನ ಒಳಹೊಕ್ಕು ಬಳಲಬೇಕಾಗಿಲ್ಲ, ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಬಹುದು. ಇನ್ನೊಂದು ಮಾತನ್ನೂ ಸೇರಿಸಿದೆ. ಆ ಕೊನೆಯಲ್ಲಿಯೂ ಒಂದು ಸುಂಕದಕಟ್ಟೆಯಿದೆ. ಗಂಟಿನಲ್ಲಿರುವ ತಿನಿಸನ್ನು ಅಲ್ಲಿ ಮುಚ್ಚಿಡದೆ ಹೇಳಿಬಿಡಬೇಕು; ಮುಚ್ಚಿಟ್ಟರೆ ದಂಡ ತೆರಬೇಕಾದೀತು.

"ಉಪ್ಪಿನಕಾಯಿಗೂ ಪಾಸ್‌ಪೋರ್ಟು ಬೇಕು ಅನ್ನಿ" ಎಂದು ಅವರು ನಕ್ಕು, ಡಬ್ಬಿಯ ಮೇಲೆ ಹೆಸರಿನ ಚೀಟಿ ಅಂಟಿಸತೊಡಗಿದರು.