ನೂರರಲ್ಲಿ ಆರು ರೂಪಾಯಿಯ ಲೆಕ್ಕ

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಆಮ್ಲಜನಕ ತಯಾರಿಸುವ ಪ್ರಯೋಗ ಮಾಡಿ ತೋರಿಸುತ್ತಿದ್ದೆ. ಐವತ್ತು ಮಕ್ಕಳು, ಒಂದೇ ಸ್ಪಿರಿಟ್ ದೀಪ, ಒಡೆಯದೆ ಉಳಿದಿದ್ದ ಪ್ರನಾಳಗಳು ಮೂರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ನಮಗೆ ಏನೂ ಕಾಣ್ತಿಲ್ಲ. ಸರ್ಕಾರ ಇದಕ್ಕೆಲ್ಲ ದುಡ್ಡು ಕೊಡೋದಿಲ್ವಾ?" ಎಂದು ಕೇಳಿದಳು. ಅಂದು ಏನೋ ಹೇಳಿ ಸುಮ್ಮನಾಗಿಸಿದೆ. ಆದರೆ ಆ ಪ್ರಶ್ನೆಗೆ ಉತ್ತರವಿದೆ. ಅದು ಲೆಕ್ಕದ ರೂಪದಲ್ಲಿದೆ.

1964ರಲ್ಲಿ ಕೇಂದ್ರ ಸರ್ಕಾರ ಒಂದು ಶಿಕ್ಷಣ ಆಯೋಗವನ್ನು ನೇಮಿಸಿತು. ಅದರ ಅಧ್ಯಕ್ಷರು ಡಾ. ಡಿ. ಎಸ್. ಕೊಠಾರಿ. ಕೇಂಬ್ರಿಜ್‌ನಲ್ಲಿ ರುದರ್‌ಫರ್ಡ್ ಅವರ ಬಳಿ ಸಂಶೋಧನೆ ನಡೆಸಿ ಬಂದ ಭೌತವಿಜ್ಞಾನಿ ಅವರು. 1966ರಲ್ಲಿ ಆಯೋಗ ನೀಡಿದ ವರದಿಯ ಒಂದು ಮುಖ್ಯ ಶಿಫಾರಸು ಹೀಗಿದೆ: ದೇಶದ ಒಟ್ಟು ವರಮಾನ ನೂರು ರೂಪಾಯಿ ಎಂದಿಟ್ಟುಕೊಂಡರೆ, 1985-86ರ ಹೊತ್ತಿಗೆ ಅದರಲ್ಲಿ ಆರು ರೂಪಾಯಿ ಶಿಕ್ಷಣಕ್ಕೆ ಸಲ್ಲಬೇಕು.

1968ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಒಪ್ಪಿಕೊಂಡಿತು. 1986ರ ನೀತಿಯೂ ಅದನ್ನೇ ಹೇಳಿತು. 2020ರ ನೀತಿ ಮತ್ತೊಮ್ಮೆ ಅದೇ ಆರರ ಮಾತನ್ನಾಡಿ, ಕೇಂದ್ರ ಮತ್ತು ರಾಜ್ಯಗಳು ಸೇರಿ 2017-18ರಲ್ಲಿ ಖರ್ಚು ಮಾಡುತ್ತಿದ್ದುದು ಸುಮಾರು 4.43 ಮಾತ್ರ ಎಂದು ಒಪ್ಪಿಕೊಂಡಿತು. ಕೊಟ್ಟ ಮಾತಿಗೆ ಅರ್ಧ ಶತಮಾನ ದಾಟಿದೆ.

ಹಾಗೆಂದು ಏನೂ ಆಗಿಲ್ಲ ಎನ್ನುವುದು ತಪ್ಪು. 1951ರಲ್ಲಿ ನೂರು ಜನರಲ್ಲಿ ಹದಿನೆಂಟು ಮಂದಿಗೆ ಮಾತ್ರ ಓದುಬರಹ ಬರುತ್ತಿತ್ತು; 2011ರ ಜನಗಣತಿಯ ವೇಳೆಗೆ ಅದು ಎಪ್ಪತ್ತಮೂರಕ್ಕೆ ಏರಿತು. ಶಾಲೆ ಇಲ್ಲದ ಊರುಗಳಿಗೆ ಶಾಲೆ ಬಂತು, ಮಧ್ಯಾಹ್ನದ ಬಿಸಿಯೂಟ ಬಂತು. ಇದೆಲ್ಲ ಸರ್ಕಾರದ ದುಡ್ಡಿನಿಂದಲೇ ಆದದ್ದು.

ಹಾಗಾದರೆ ಪ್ರನಾಳ ಏಕಿಲ್ಲ? ಮನೆಯ ಖರ್ಚನ್ನೇ ನೋಡಿ. ಬಾಡಿಗೆ, ಅಕ್ಕಿ, ಬೇಳೆ ಮೊದಲು. ಉಳಿದರೆ ಪುಸ್ತಕ. ಶಿಕ್ಷಣದ ಹಣದಲ್ಲೂ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ಆ ಸಂಬಳದಲ್ಲೇ ಬದುಕಿದ ನಾನು ಅದನ್ನು ತಪ್ಪೆನ್ನಲಾರೆ, ಮೇಷ್ಟ್ರಿಲ್ಲದೆ ಶಾಲೆಯಿಲ್ಲ. ಆದರೆ ಒಟ್ಟು ಮೊತ್ತ ಕಡಿಮೆಯಾದಾಗ ಕತ್ತರಿ ಬೀಳುವುದು ಪ್ರಯೋಗಾಲಯ, ಗ್ರಂಥಾಲಯ, ಶೌಚಾಲಯದಂಥವುಗಳಿಗೆ. ಆರಕ್ಕೂ ನಾಲ್ಕೂವರೆಗೂ ನಡುವಿನ ಆ ಒಂದೂವರೆ ರೂಪಾಯಿಯ ಕೊರತೆಯೇ ಹಿಂದಿನ ಬೆಂಚಿನ ಮಕ್ಕಳಿಗೆ ಪ್ರಯೋಗ ಕಾಣದಂತೆ ಮಾಡುತ್ತದೆ.

ಪಾಲಕರು ಏನು ಮಾಡಬಹುದು? 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕು; ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಆ ಸಮಿತಿಯ ಕೆಲಸ. ನಮ್ಮಲ್ಲಿ ಎಸ್‌ಡಿಎಂಸಿ ಎನ್ನುವುದು ಇದನ್ನೇ. ಸಭೆಗೆ ಹೋಗಿ ಸಹಿ ಹಾಕಿ ಬರಬೇಡಿ. ಎಷ್ಟು ಬಂತು, ಯಾವುದಕ್ಕೆ ಹೋಯಿತು, ಏನು ಉಳಿಯಿತು ಎಂದು ಕೇಳಿ.

ಆ ಹುಡುಗಿ ಕೇಳಿದ್ದೂ ಅದನ್ನೇ. ಅವಳಿಗಿದ್ದ ಧೈರ್ಯ ದೊಡ್ಡವರಾದ ನಮಗೂ ಬರಲಿ.