ಕಣ್ಣಿಗೇ ಬೀಳದ ಬಟ್ಟೆಗೆ ಬೆಳ್ಳಿ ಕಮಲ!

ಒಂದು ಸವಾಲು ಹಾಕಲೇ?

ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಗೆದ್ದ ಒಂದು ಕನ್ನಡ ಸಿನಿಮಾದ ಹೆಸರು ಹೇಳಿ. ಅವಸರ ಬೇಡ. ಮೊಬೈಲ್ ಕೆಳಗಿಡಿ. ನೆನಪು ಮಾಡಿಕೊಳ್ಳಿ.

‘ಮಯೂರ’? ಅಲ್ಲ! ‘ಬಭ್ರುವಾಹನ’? ಅಲ್ಲ! ‘ಶ್ರೀಕೃಷ್ಣದೇವರಾಯ’? ಅಷ್ಟು ಕಿರೀಟ, ಅಷ್ಟು ಜರಿ, ಅಷ್ಟು ಮುತ್ತಿನ ಹಾರ! ಅದೂ ಅಲ್ಲ!

ಸುಳಿವು ಕೊಡುತ್ತೇನೆ. ಆ ಸಿನಿಮಾದಲ್ಲಿ ಸಿಂಹಾಸನವಿಲ್ಲ, ಯುದ್ಧವಿಲ್ಲ. ಕತೆ ನಡೆಯುವುದು ನಮ್ಮ ಉತ್ತರ ಕರ್ನಾಟಕದ ಒಂದು ದೊಡ್ಡ ಮನೆಯಲ್ಲಿ. ಅಲ್ಲಿನ ಹೆಂಗಸರು ಉಡುವುದು ಸೀರೆ. ಗದಗ ಜಿಲ್ಲೆಯ ಸಿಂಗಟಾಲೂರಿನ ಹೊಳೆದಂಡೆಯಲ್ಲಿ, ಮುಂಡರಗಿ ಸಂತೆಯಲ್ಲಿ, ಬೆಟಗೇರಿಯ ಮಗ್ಗದ ಓಣಿಯಲ್ಲಿ ಕಾಣುವಂಥ ಸೀರೆ!

ಹೊಳೆಯಿತೇ? ಇಲ್ಲವೇ? ತಡೆಯಿರಿ, ಅದಕ್ಕೂ ಮೊದಲು ಇನ್ನೊಂದು ಬೆರಗು ಇದೆ.

ನಮ್ಮ ದೇಶದಲ್ಲಿ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಕೊಡಲು ಶುರುಮಾಡಿದ್ದು 1954ರಲ್ಲಿ. ಬಟ್ಟೆ ರೂಪಿಸಿದವರಿಗೆ ಶುರುವಾದದ್ದು ಯಾವಾಗ? 1960? ಇಲ್ಲ. 1970? ಇಲ್ಲ!

1984ರ ಸಿನಿಮಾಗಳಿಗೆ! ಅಂದರೆ 32ನೆಯ ಸಲ ಪ್ರಶಸ್ತಿ ಹಂಚುವಾಗ! ಅದಕ್ಕೂ ಮೊದಲು 31 ಸಲ ಪ್ರಶಸ್ತಿ ಹಂಚಿದರು. ಹಾಡಿದವರನ್ನು ಕರೆದರು, ಕ್ಯಾಮೆರಾ ಹಿಡಿದವರನ್ನು ಕರೆದರು. ಬಟ್ಟೆ ಹೊಂದಿಸಿದವರನ್ನು ಮಾತ್ರ ಕರೆಯಲಿಲ್ಲ!

ಈಗ ತಿಳಿಯಿತೇ? ಮಯೂರನಿಗೂ ಬಭ್ರುವಾಹನನಿಗೂ ಕೃಷ್ಣದೇವರಾಯನಿಗೂ ಆ ಪ್ರಶಸ್ತಿ ಬರುವ ದಾರಿಯೇ ಇರಲಿಲ್ಲ. ಮೂರೂ ಎಪ್ಪತ್ತರ ದಶಕದ ಸಿನಿಮಾಗಳು. 1975ರ ‘ಹಂಸಗೀತೆ’ಗೆ ಬಟ್ಟೆ ರೂಪಿಸಿದವರು ನಮ್ಮ ರಂಗಭೂಮಿಯ ಪ್ರೇಮಾ ಕಾರಂತರು. ಎಂಥ ಕಣ್ಣು ಅವರದು! ಆ ಕಣ್ಣಿಗೆ ಕೊಡೋಣವೆಂದರೆ ಆಗ ಬಹುಮಾನವೇ ಹುಟ್ಟಿರಲಿಲ್ಲ!

ಹಾಲಿವುಡ್ ಮುಂದಿತ್ತು ಅಂದುಕೊಂಡಿರಾ? ಆಸ್ಕರ್ ಶುರುವಾದದ್ದು 1929ರಲ್ಲಿ. ಅಲ್ಲಿಯೂ ಬಟ್ಟೆಯವರು 1949ರವರೆಗೆ ಕಾಯಬೇಕಾಯಿತು. ಇಪ್ಪತ್ತು ವರ್ಷ!

ಸರಿ, ಈಗ ಉತ್ತರ. ಆ ಸಿನಿಮಾ ‘ತಾಯಿಸಾಹೇಬ’!

1997ರ ಚಿತ್ರ. ರಂ.ಶಾ. ಲೋಕಾಪುರರ ಕಾದಂಬರಿ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. ತಾಯಿಸಾಹೇಬಳಾಗಿ ಜಯಮಾಲಾ, ನಿರ್ಮಾಪಕಿಯೂ ಅವರೇ! ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಕಲಾ ನಿರ್ದೇಶನಕ್ಕೆ ಬಂತು. ಮತ್ತು ವಸ್ತ್ರವಿನ್ಯಾಸಕ್ಕೆ ಬೆಳ್ಳಿಯ ಕಮಲ!

ಗೆದ್ದವರು ಯಾರು ಗೊತ್ತೇ? ಮುಂಬಯಿಯ ದೊಡ್ಡ ಡಿಸೈನರ್ ಅಲ್ಲ. ನಾಟಕದಿಂದ ಬಂದ ನಟಿ, ಕಲಬುರಗಿಯಲ್ಲಿ ಹುಟ್ಟಿದ ಹೆಣ್ಣುಮಗಳು ವೈಶಾಲಿ ಕಾಸರವಳ್ಳಿ! ಮುಂದೆ ‘ಮೂಡಲ ಮನೆ’ ಧಾರಾವಾಹಿಯಲ್ಲಿ ಉತ್ತರ ಕರ್ನಾಟಕದ ಮಾತು, ಮನೆ, ಉಡುಗೆಯನ್ನು ನಾಡಿನ ಮನೆಮನೆಗೂ ತಲುಪಿಸಿದರಲ್ಲ, ಅದೇ ವೈಶಾಲಿ!

ಆ ಕೆಲಸ ಎಷ್ಟು ಕಷ್ಟದ್ದು ಎಂದು ಸ್ವಲ್ಪ ಯೋಚಿಸಿ ನೋಡಿ. ರಾಜನ ಪೋಷಾಕು ಹೊಲಿದರೆ ತಪ್ಪು ಹಿಡಿಯುವವರು ಯಾರು? ಕೃಷ್ಣದೇವರಾಯನ ರುಮಾಲು ಕಂಡವರು ಯಾರಿದ್ದಾರೆ? ಆದರೆ ನಮ್ಮ ಕಡೆಯ ದೊಡ್ಡ ಮನೆಯ ಸೊಸೆಗೆ ತಪ್ಪು ಸೀರೆ ಉಡಿಸಿ ನೋಡಿ! ಟಾಕೀಸಿನ ಕೊನೆಯ ಬೆಂಚಿನಿಂದಲೇ ಕೂಗು ಬರುತ್ತದೆ. “ಯವ್ವಾ, ಆ ಸೆರಗು ನೋಡs! ಇದು ನಮ್ಮ ಕಡೀದಲ್ಲ!”

ಅವ್ವಂದಿರ ಕಣ್ಣು ಅಂಥದ್ದು. ಅಂಚು ನೋಡಿ ಊರು ಹೇಳುತ್ತಾರೆ. ಬಣ್ಣ ನೋಡಿ ವಯಸ್ಸು ಹೇಳುತ್ತಾರೆ. ಉಟ್ಟ ರೀತಿ ನೋಡಿ ಮನೆತನ ಹೇಳುತ್ತಾರೆ!

ಒಂದು ಇಳಕಲ್ ಸೀರೆಯನ್ನು ಕೈಯಲ್ಲಿ ಹಿಡಿಯಿರಿ. ಬೆಳಕಿಗೆ ಹಿಡಿದು ಸೆರಗೂ ಮೈಯೂ ಸೇರುವ ಜಾಗವನ್ನು ನೋಡಿ. ಏನಾದರೂ ಕಾಣುತ್ತಿದೆಯೇ? ಅದು ಒಂದೇ ಹಾಸಿನಿಂದ ನೇಯ್ದ ಬಟ್ಟೆಯಲ್ಲ! ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾದರೂ ಸೆರಗಿಗೆ ರೇಷ್ಮೆ! ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದೊಂದು ಎಳೆಗೂ ಒಂದೊಂದು ಕೊಂಡಿ! ಒಂದು ಎಳೆ ತಪ್ಪಿದರೂ ಕೂಡಿಕೆಯಲ್ಲೇ ಐಬು ಎದ್ದು ಕಾಣುತ್ತದೆ. ಅಷ್ಟೆಲ್ಲ ಆದಮೇಲೆ ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳ ಸಾಲು ಏಳುತ್ತದೆ. ಟೋಪ್ ತೆನಿ! ನಮ್ಮ ಹೊಲದ ಜೋಳವೇ ಸೆರಗಿಗೆ ಬಂದು ನಿಂತಿದೆ!

ಗದಗ ಜಿಲ್ಲೆಯದೇ ಇನ್ನೊಂದು ಹೇಳಲೇ? ಗಜೇಂದ್ರಗಡದ ಕಡೆಯ ಪಟ್ಟೇದ ಅಂಚಿನ ಸೀರೆ. ಗಟ್ಟಿ ಹತ್ತಿ, ಅಗಲ ಅಂಚು. ಒಳಗು ಯಾವುದು, ಹೊರಗು ಯಾವುದು? ಹೇಳಲು ಆಗುವುದಿಲ್ಲ! ಎರಡೂ ಕಡೆ ಒಂದೇ ನಮೂನೆ. ಇವತ್ತು ಹೀಗೆ ಉಡಿ, ನಾಳೆ ತಿರುವಿ ಉಡಿ. ಸವದತ್ತಿ ಎಲ್ಲಮ್ಮನಿಗೆ ಏರಿಸುತ್ತಿದ್ದ ಸೀರೆ ಇದು, ಮದುಮಗಳಿಗೂ ಉಡಿಸುತ್ತಿದ್ದರು. ಒಮ್ಮೆ ಮಗ್ಗದಿಂದಲೇ ಮರೆಯಾಗಿದ್ದ ಈ ಸೀರೆ ಈಗ ತಿರುಗಿ ಬಂದಿದೆ!

ಇಂಥ ನೆಲದ ಕತೆಗೆ ಬಟ್ಟೆ ಹೊಂದಿಸುವುದೆಂದರೆ ಅಂಗಡಿಗೆ ಹೋಗಿ ಕೊಂಡು ತರುವುದಲ್ಲ. ‘ತಾಯಿಸಾಹೇಬ’ದ ಕತೆ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಶುರುವಾಗಿ ಸ್ವಾತಂತ್ರ್ಯ ಬಂದಮೇಲೂ ನಡೆಯುತ್ತದೆ. ವರ್ಷ ಉರುಳುತ್ತದೆ, ಹೆಂಗಸು ಮಾಗುತ್ತಾಳೆ, ಸೀರೆಯೂ ಮಾಗಬೇಕು! ಆದರೆ ಶೂಟಿಂಗ್ ಕತೆಯ ಸಾಲಿನಲ್ಲಿ ನಡೆಯುವುದಿಲ್ಲವಲ್ಲ! ಬೆಳಿಗ್ಗೆ ಮುಪ್ಪಿನ ದೃಶ್ಯ, ಮಧ್ಯಾಹ್ನ ಹರೆಯದ್ದು. ಯಾವ ದೃಶ್ಯಕ್ಕೆ ಯಾವ ಸೀರೆ, ಎಷ್ಟು ಮಾಸಿದ್ದು, ಸೆರಗು ಯಾವ ಹೆಗಲ ಮೇಲೆ ಎಷ್ಟು ಬಿದ್ದಿತ್ತು, ಎಲ್ಲವೂ ಒಬ್ಬರ ತಲೆಯಲ್ಲಿರಬೇಕು!

ಹೊಸ ಬಟ್ಟೆಯನ್ನು ಹಳೆಯದು ಮಾಡುವುದು ಹೇಗೆ? ಅದೂ ಒಂದು ವಿದ್ಯೆ! ಮತ್ತೆ ಮತ್ತೆ ಒಗೆಯುತ್ತಾರೆ, ಬಿಸಿಲಿಗೆ ಹರವುತ್ತಾರೆ. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಬಿಳುಪು ಇಳಿಸುತ್ತಾರೆ. ಮೊಣಕೈ ತಾಗುವಲ್ಲಿ ಕಲ್ಲಿನಿಂದ ಉಜ್ಜುತ್ತಾರೆ. ಅಡುಗೆ ಮನೆಯ ಹೆಂಗಸಿನ ಸೀರೆ ಎಲ್ಲಿ ಮೊದಲು ಸವೆಯುತ್ತದೆ, ಹೇಳಿ ನೋಡೋಣ. ಮೈಯಲ್ಲಲ್ಲ! ಕೈ ಒರೆಸಿ ಒರೆಸಿ ಸೆರಗಿನ ತುದಿ, ನೆಲಕ್ಕೆ ತಾಗಿ ತಾಗಿ ನೆರಿಗೆಯ ಬುಡ. ಮತ್ತೆ ಚಿಲ್ಲರೆ ಕಟ್ಟಿಕೊಳ್ಳುವ ಗಂಟಿನ ಮೂಲೆ! ಇಷ್ಟನ್ನೂ ಮಾಡಿ, ಮಾಡಿದ್ದು ಯಾರಿಗೂ ಗೊತ್ತಾಗಬಾರದು. ನೋಡುವವರಿಗೆ ಬಟ್ಟೆ ಕಾಣಬಾರದು, ಆ ಹೆಂಗಸು ಮಾತ್ರ ಕಾಣಬೇಕು!

ಅದನ್ನೇ ಗುರುತಿಸಿ ದಿಲ್ಲಿಯಲ್ಲಿ ಬೆಳ್ಳಿ ಕಮಲ ಕೊಟ್ಟರು. ನನ್ನ ಲೆಕ್ಕದಲ್ಲಿ ಜರಿ ಪೋಷಾಕಿಗೆ ಕೊಡುವುದಕ್ಕಿಂತ ನೂರು ಪಾಲು ದೊಡ್ಡ ತೀರ್ಪು ಅದು.

ಇಷ್ಟಕ್ಕೇ ಮುಗಿಯಿತೇ? ಇಲ್ಲ! ಏಳು ವರ್ಷದ ಮೇಲೆ ಅದೇ ಪ್ರಶಸ್ತಿ ಮತ್ತೆ ಕನ್ನಡಕ್ಕೆ ಬಂತು. ಈ ಸಲ ಯಾವ ಬಟ್ಟೆಗೆ? ದೊಡ್ಡ ಮನೆಯ ಸೀರೆಗೂ ಅಲ್ಲ. ಆಟೋ ಓಡಿಸುವವನ ಹೆಂಡತಿಯ ಬಟ್ಟೆಗೆ!

2004ರ ‘ಹಸೀನಾ’. ನಿರ್ದೇಶಕರು ಮತ್ತೆ ಕಾಸರವಳ್ಳಿಯವರೇ! ಗಂಡ ಕೈಬಿಟ್ಟ ಬಡ ಮುಸ್ಲಿಂ ಹೆಂಗಸೊಬ್ಬಳು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ನಿಲ್ಲುವ ಕತೆ. ತಾರಾ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ. ವಸ್ತ್ರವಿನ್ಯಾಸದ ಪ್ರಶಸ್ತಿ ಇಶ್ರತ್ ನಿಸಾರ್ ಅವರಿಗೆ!

ಬಡತನಕ್ಕೆ ಬಟ್ಟೆ ತೊಡಿಸುವುದು ಎಷ್ಟು ಸೂಕ್ಷ್ಮ, ಬಲ್ಲಿರಾ? ಹರಕು ಹೆಚ್ಚಾದರೆ ನಾಟಕ. ಇಸ್ತ್ರಿ ಹೆಚ್ಚಾದರೆ ಸುಳ್ಳು. ಬಡವರ ಮನೆಯಲ್ಲೂ ಒಂದು ಒಳ್ಳೆಯ ಬಟ್ಟೆ ಇರುತ್ತದೆ, ಮಡಿಚಿ ಎತ್ತಿಟ್ಟದ್ದು. ಅದನ್ನು ಯಾವ ದಿನ ಹೊರಗೆ ತೆಗೆಯುತ್ತಾರೆ ಎಂಬುದರಲ್ಲೇ ಅರ್ಧ ಕತೆ!

ಇನ್ನೊಂದು ಗುಟ್ಟು ಇಷ್ಟು ಹೊತ್ತು ಬಚ್ಚಿಟ್ಟಿದ್ದೆ. ‘ಹಸೀನಾ’ದ ಮೂಲ ಯಾವುದು? ‘ಕರಿ ನಾಗರಗಳು’ ಎಂಬ ಸಣ್ಣಕತೆ. ಬರೆದವರು ಯಾರು? ಹಾಸನದ ಬಾನು ಮುಷ್ತಾಕ್! ಹೌದು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದ ಅದೇ ಬಾನು ಮುಷ್ತಾಕ್! ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ನ ಹನ್ನೆರಡು ಕತೆಗಳಲ್ಲಿ ಇದೂ ಒಂದು. ಅಂದರೆ ಲಂಡನ್ನಿನಲ್ಲಿ ಚಪ್ಪಾಳೆ ಬೀಳುವುದಕ್ಕೆ ಎರಡು ದಶಕ ಮೊದಲೇ ಆ ಕತೆಯ ಹೆಂಗಸಿನ ಉಡುಗೆಗೆ ದಿಲ್ಲಿಯಲ್ಲಿ ಬಹುಮಾನ ಬಂದಾಗಿತ್ತು! ಮೈ ಜುಮ್ಮೆನ್ನುವುದಿಲ್ಲವೇ?

ಈಗ ಒಂದು ನೂಲು ಹಿಡಿದು ಹಿಂದೆ ಹೋಗೋಣ ಬನ್ನಿ. ವಸ್ತ್ರವಿನ್ಯಾಸದ ಮೊಟ್ಟಮೊದಲ ರಾಷ್ಟ್ರಪ್ರಶಸ್ತಿ ಯಾವ ಚಿತ್ರಕ್ಕೆ ಹೋಯಿತು? ಸತ್ಯಜಿತ್ ರಾಯ್ ಅವರ ಬಂಗಾಳಿ ‘ಘರೇ ಬೈರೇ’ಗೆ. ಅದರ ಕತೆ ಯಾವುದರ ಸುತ್ತ? ಸ್ವದೇಶಿ ಚಳವಳಿಯ ಸುತ್ತ! ವಿದೇಶಿ ಬಟ್ಟೆ ಸುಡುವ ಕಾಲದ ಕತೆಗೇ ಬಟ್ಟೆಯ ಮೊದಲ ಬಹುಮಾನ! ‘ತಾಯಿಸಾಹೇಬ’ವೂ ಹೋರಾಟದ ಕಾಲದ್ದು. 2001ರ ‘ಲಗಾನ್’ ಬ್ರಿಟಿಷರ ಎದುರು ಧೋತರದವರು ನಿಂತ ಕತೆ, ಅದಕ್ಕೂ ಇದೇ ಪ್ರಶಸ್ತಿ. ಬ್ರಿಟಿಷರ ಆಳ್ವಿಕೆಯ ದಿನಗಳ ಕಡೆಗೆ ಈ ಬೆಳ್ಳಿ ಕಮಲ ಮತ್ತೆ ಮತ್ತೆ ವಾಲುತ್ತದೆ. ನೋಡಿದಷ್ಟೂ ಬೆರಗು!

‘ಲಗಾನ್’ಗೆ ಬಟ್ಟೆ ರೂಪಿಸಿದವರು ಯಾರು? ಅಲ್ಲಿದೆ ಎಲ್ಲಕ್ಕಿಂತ ದೊಡ್ಡ ಒಗಟು.

ಭಾರತಕ್ಕೆ ಮೊದಲ ಆಸ್ಕರ್ ತಂದವರು ಯಾರು? ರಾಯ್? ಅವರಿಗೆ ಗೌರವ ಆಸ್ಕರ್ ಬಂದದ್ದು 1992ರಲ್ಲಿ. ರೆಹಮಾನ್? 2009! ಇಬ್ಬರಿಗೂ ಮೊದಲು, 1983ರಲ್ಲೇ, ಒಬ್ಬ ಹೆಣ್ಣುಮಗಳು ಆ ಗೊಂಬೆಯನ್ನು ಎತ್ತಿ ಹಿಡಿದಿದ್ದಳು. ನಟನೆಗಲ್ಲ, ಸಂಗೀತಕ್ಕಲ್ಲ. ಬಟ್ಟೆಗೆ!

ಭಾನು ಅಥೈಯಾ! ‘ಲಗಾನ್’ಗೂ ಬಟ್ಟೆ ರೂಪಿಸಿದವರು ಅವರೇ! ಹುಟ್ಟೂರು ನಮ್ಮ ಬೆಳಗಾವಿ ದಾಟಿ, ನಿಪ್ಪಾಣಿ ದಾಟಿದರೆ ಸಿಗುವ ಕೊಲ್ಲಾಪುರ. ಆಸ್ಕರ್ ತಂದ ಚಿತ್ರ ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’. ಜಾನ್ ಮೊಲ್ಲೊ ಅವರ ಜೊತೆ ಹಂಚಿಕೊಂಡ ಪ್ರಶಸ್ತಿ.

ಇದರಲ್ಲಿನ ಸೋಜಿಗ ಗಮನಿಸಿದಿರಾ? ಕತೆ ಮುಂದೆ ಹೋದಂತೆ ನಾಯಕನ ಮೈಮೇಲೆ ಬಟ್ಟೆ ಕಡಿಮೆಯಾಗುತ್ತ ಹೋಗುತ್ತದೆ! ಸೂಟು ಬೂಟಿನಿಂದ ತುಂಡು ಪಂಚೆಗೆ! ಅಂಥ ಚಿತ್ರಕ್ಕೆ ಬಟ್ಟೆಯ ಆಸ್ಕರ್! ಜೊತೆಗೆ ಅಂತಿಮಯಾತ್ರೆಯ ದೃಶ್ಯ. ಅದರಲ್ಲಿ ಎಷ್ಟು ಜನ ಇದ್ದರು, ಊಹಿಸಿ. ಹತ್ತು ಸಾವಿರ? ಐವತ್ತು ಸಾವಿರ? ಸುಮಾರು ಮೂರು ಲಕ್ಷ!

ಭಾನು ಅವರು ಆ ಆಸ್ಕರನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ತಮ್ಮ ನಂತರ ಯಾರು ಕಾಯುತ್ತಾರೆ ಎಂಬ ಚಿಂತೆಯಲ್ಲಿ 2012ರಲ್ಲಿ ಅಕಾಡೆಮಿಗೇ ಒಪ್ಪಿಸಿದರು. ದೇಶದ ಮೊದಲ ಆಸ್ಕರಿಗೆ ನಮ್ಮಲ್ಲೇ ಒಂದು ಜಾಗ ಇರಬೇಕಿತ್ತು. ನನಗೆ ಇವತ್ತಿಗೂ ಅದು ಸಂಕಟ.

ಹಾಗಾದರೆ ಮೊದಲು ಹೇಳಿದ ಸಿಂಗಟಾಲೂರಿಗೂ ಈ ಬಟ್ಟೆಯ ಕತೆಗೂ ಏನು ನಂಟು? ಏತ ನೀರಾವರಿಯಿಂದ ನಿಮಗೆ ಈ ಊರಿನ ಹೆಸರು ಗೊತ್ತು. ತುಂಗಭದ್ರೆಯ ದಂಡೆಯ ವೀರಭದ್ರೇಶ್ವರನ ಗುಡಿಯೂ ಗೊತ್ತಿರಬಹುದು. ವೀರಭದ್ರನ ಮುಂದೆ ಅವನ ಒಡಪು ಹೇಳುವ ಪುರವಂತರು ನಿಲ್ಲುವುದನ್ನು ಕಂಡಿದ್ದೀರಾ? ಬೆಳಗಿನವರೆಗೆ ಹೊಲದಲ್ಲಿದ್ದ ಮನುಷ್ಯ! ಕಾವಿ ಉಟ್ಟ, ರುದ್ರಾಕ್ಷಿ ಹಾಕಿದ, ಕಾಲಿಗೆ ಗೆಜ್ಜೆ ಕಟ್ಟಿದ, ಖಡ್ಗ ಹಿಡಿದ. ಒಡಪು ಶುರುವಾಯಿತೆಂದರೆ ಅವನ ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲ! ಉಡುಗೆ ಮನುಷ್ಯನನ್ನು ಏನು ಮಾಡಬಲ್ಲದು ಎಂದು ಈ ಸೀಮೆಯ ಮಕ್ಕಳು ಸಿನಿಮಾ ನೋಡುವ ಮೊದಲೇ ಕಲಿತಿರುತ್ತಾರೆ.

ನಾಟಕವೂ ಈ ಸೀಮೆಯದೇ. ಗದುಗಿನ ಗರುಡ ಸದಾಶಿವರಾಯರ ನಾಟಕ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ! ಪರದೆ ಏಳುವ ಮೊದಲು ಪೆಟ್ಟಿಗೆಯ ಪೋಷಾಕೇ ಜನರನ್ನು ಎಳೆದು ತರುತ್ತಿದ್ದ ಕಾಲ ಅದು. ಸುತ್ತ ಎರೆನೆಲ, ಎರೆಯಲ್ಲಿ ಹತ್ತಿ, ಹತ್ತಿಯಿಂದ ನೂಲು, ನೂಲಿಗೆ ಬೆಟಗೇರಿಯ ಮಗ್ಗ. ಬೀಜದಿಂದ ಬಣ್ಣದ ಮನೆಯವರೆಗೆ ಎಲ್ಲವೂ ಒಂದೇ ಸೀಮೆಯಲ್ಲಿ!

ಪ್ರಶಸ್ತಿ ಪತ್ರದಲ್ಲಿ ನೇಕಾರನ ಹೆಸರು ಇರುವುದಿಲ್ಲ, ನಿಜ. ಆದರೆ ಸುದ್ದಿ ಕೇಳಿ! 2018ರ ತೆಲುಗು ‘ಮಹಾನಟಿ’ಗೆ ಈ ಪ್ರಶಸ್ತಿ ಹಂಚಿಕೊಂಡವರಲ್ಲಿ ಗೌರಂಗ್ ಶಾ ಒಬ್ಬರು. ಅವರು ಹೆಸರಾದದ್ದೇ ಕೈಮಗ್ಗದ ಸೀರೆಗಳಿಂದ! ಮಗ್ಗ ವೇದಿಕೆಯ ಹತ್ತಿರ ಬರುತ್ತಿದೆ. ನಮ್ಮ ಟೋಪ್ ತೆನಿಯೂ ಪಟ್ಟೇದ ಅಂಚೂ ಹಿಂದೆ ಉಳಿಯಬೇಕೇ?

ಈಗ ನಿಮಗೊಂದು ಕೆಲಸ. ‘ತಾಯಿಸಾಹೇಬ’, ‘ಹಸೀನಾ’ ಎರಡನ್ನೂ ಹುಡುಕಿ ಹಾಕಿ. ಪಕ್ಕದಲ್ಲಿ ಮನೆಯ ಹಿರಿಯ ಹೆಣ್ಣುಮಗಳನ್ನು ಕೂಡಿಸಿಕೊಳ್ಳಿ. ಅವ್ವ ಇರಲಿ, ಆಯಿ ಇರಲಿ, ಚಿಗವ್ವ ಇರಲಿ. ಟಿವಿಯ ಸದ್ದು ಪೂರ್ತಿ ಬಂದ್ ಮಾಡಿ, ಬಟ್ಟೆಯೊಂದನ್ನೇ ನೋಡಲು ಹೇಳಿ. ಆಮೇಲೆ ಅವರು ಆಡುವ ಒಂದೊಂದು ಮಾತನ್ನೂ ಬರೆದಿಟ್ಟುಕೊಳ್ಳಿ, ಪೆನ್ನಿನಲ್ಲಿ ಇಂಕು ತುಂಬ ಇರಲಿ!