ಊರಿನ ಕಂಪ್ಯೂಟರ್ ಆನ್ ಆಗ್ತಿಲ್ವಾ? ದೂರದಲ್ಲಿದ್ದು ಫೋನಲ್ಲೇ ಸರಿಮಾಡೋದು ಹೀಗೆ

ತಿಂಗಳ 20ನೇ ತಾರೀಖು ಹತ್ತಿರ ಬಂದಾಗಲೇ ಅಂಗಡಿ ಕಂಪ್ಯೂಟರ್ ಕೈಕೊಡೋದು. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 3ಬಿ ಸಲ್ಲಿಸಲು ಅದೇ ಕೊನೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರವೇ ಇಲ್ಲದಿದ್ದರೆ 20 ರೂಪಾಯಿ. ರಿಟರ್ನನ್ನು ಬೇರೆ ಯಾರದ್ದಾದರೂ ಕಂಪ್ಯೂಟರ್‌ನಲ್ಲಿ ಕೂತು ಹಾಕಬಹುದು. ಆದರೆ ಬಿಲ್ಲು, ಸ್ಟಾಕು, ಯಾರ್ಯಾರದ್ದು ಎಷ್ಟೆಷ್ಟು ಉದ್ರಿ ಬಾಕಿ ಅನ್ನೋದೆಲ್ಲ ಇರೋದು ಆ ಡಬ್ಬದೊಳಗೇ. ಆಗ ಫೋನ್ ಹೋಗೋದು ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸಕ್ಕಿರುವ ಮಗನಿಗೆ, ಇಲ್ಲವೇ ಅಣ್ಣನ ಮಗಳಿಗೆ. "ಕಂಪ್ಯೂಟರ್ ಆನೇ ಆಗ್ತಿಲ್ಲ ಕಣಮ್ಮ, ಸ್ವಲ್ಪ ನೋಡು."

ಅಲ್ಲಿಂದ ನೋಡೋದು ಹೇಗೆ? "ಎನಿಡೆಸ್ಕ್ ಹಾಕಿ ಚಿಕ್ಕಪ್ಪ, ನಾನೇ ಸರಿಮಾಡ್ತೀನಿ" ಅನ್ನೋದು ಎಲ್ಲರ ಮೊದಲ ಮಾತು. ಅದು ಈ ರೋಗಕ್ಕೆ ಮದ್ದಲ್ಲ. ಎನಿಡೆಸ್ಕ್ ಇರಲಿ, ಟೀಮ್‌ವ್ಯೂವರ್ ಇರಲಿ, ವಿಂಡೋಸ್ ಪೂರ್ತಿ ಎದ್ದು ಇಂಟರ್ನೆಟ್ ಸಿಕ್ಕ ಮೇಲೆ ಮಾತ್ರ ಕೆಲಸ ಮಾಡುತ್ತವೆ. ವಿಂಡೋಸೇ ಏಳದಿದ್ದಾಗ ಊರಲ್ಲಿರುವವರ ಕಣ್ಣು, ಊರಲ್ಲಿರುವವರ ಬೆರಳು, ಇವೆರಡೇ ಗತಿ.

ದೊಡ್ಡ ದೊಡ್ಡ ಕಂಪನಿಗಳಿಗೂ ಇದೇ ಕಥೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಂದು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಸರಿಮಾಡಲು ಬೇಕಿದ್ದದ್ದು ಒಂದು ಫೈಲ್ ಅಳಿಸೋದು, ಅಷ್ಟೇ. ಆದರೆ ಎಷ್ಟೋ ಕಡೆ ಒಬ್ಬೊಬ್ಬರು ಒಂದೊಂದು ಕಂಪ್ಯೂಟರ್ ಮುಂದೆ ಕೂತು ಆ ಕೆಲಸ ಮಾಡಬೇಕಾಯಿತು.

ಎಲ್ಲಿ ನಿಂತಿದೆ ಅನ್ನೋದೇ ಮುಖ್ಯ

"ಆನ್ ಆಗ್ತಿಲ್ಲ" ಅನ್ನೋ ಮಾತಿಗೆ ನಾಲ್ಕೈದು ಅರ್ಥ ಇದೆ. ಲೈಟೇ ಬರ್ತಿಲ್ಲ ಅಂತಲೂ ಇರಬಹುದು, ಲೈಟ್ ಬಂದು ಪರದೆ ಕಪ್ಪಾಗಿದೆ ಅಂತಲೂ ಇರಬಹುದು, ಕಂಪನಿ ಹೆಸರು ಬಂದು ಅಲ್ಲೇ ಸುತ್ತುತ್ತಿದೆ ಅಂತಲೂ ಇರಬಹುದು. ಪಾಸ್‌ವರ್ಡ್ ಹಾಕಿದ ಮೇಲೆ ಏನೂ ಕಾಣ್ತಿಲ್ಲ ಅನ್ನೋದಕ್ಕೂ ಇದೇ ಮಾತು. ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಕೇಳೋ ರೀತಿಯಲ್ಲೂ ಒಂದು ವಿಷಯ ಇದೆ. "ಏನು ಒತ್ತಿಬಿಟ್ರಿ?" ಅಂತ ಪೊಲೀಸರ ಥರ ಕೇಳಿದರೆ ದೊಡ್ಡವರು "ನಾನೇನೂ ಮಾಡಿಲ್ಲಪ್ಪ" ಅಂತಾರೆ, ನಿಜ ಅಲ್ಲಿಗೇ ಮುಚ್ಚಿಹೋಗುತ್ತೆ. "ನಿನ್ನೆ ಚೆನ್ನಾಗಿತ್ತಾ? ರಾತ್ರಿ ಕರೆಂಟ್ ಹೋಗಿ ಬಂತಾ? ಗುಡುಗು ಸಿಡಿಲು ಇತ್ತಾ? ಹೊಸ ಪ್ರಿಂಟರ್, ಪೆನ್‌ಡ್ರೈವ್ ಏನಾದ್ರೂ ಜೋಡಿಸಿದ್ರಾ?" ಅಂತ ಕೇಳಿದರೆ ತಾವಾಗೇ ಹೇಳ್ತಾರೆ.

ಪರದೆ ಮೇಲೆ ಏನಾದರೂ ಬರೆದಿದ್ದರೆ ಓದಿ ಹೇಳಿಸಬೇಡಿ, ಫೋಟೊ ಕಳಿಸೋಕೆ ಹೇಳಿ. ವಿಡಿಯೊ ಕಾಲ್‌ನಲ್ಲಿ ಸಣ್ಣ ಅಕ್ಷರ ಮಸುಕಾಗುತ್ತೆ. ಟ್ಯೂಬ್‌ಲೈಟ್ ಆರಿಸಿ, ಸ್ವಲ್ಪ ಓರೆಯಾಗಿ ನಿಂತು ಹಿಂದಿನ ಕ್ಯಾಮೆರಾದಲ್ಲಿ ತೆಗೆದರೆ ಅಕ್ಷರ ಸ್ಪಷ್ಟ ಬರುತ್ತೆ. ಸಿಪಿಯುನಿಂದ ಬೀಪ್ ಶಬ್ದ ಬರುತ್ತಿದ್ದರೆ ವಾಯ್ಸ್ ಮೆಸೇಜ್‌ನಲ್ಲಿ ರೆಕಾರ್ಡ್ ಮಾಡಿಸಿ. ಎಷ್ಟು ಬೀಪ್, ಉದ್ದವೋ ಗಿಡ್ಡವೋ ಅನ್ನೋದರಲ್ಲೇ ರ‍್ಯಾಮ್ ತೊಂದರೆಯೋ ಡಿಸ್‌ಪ್ಲೇ ತೊಂದರೆಯೋ ಗೊತ್ತಾಗುತ್ತೆ. ಕಂಪನಿಯಿಂದ ಕಂಪನಿಗೆ ಅರ್ಥ ಬೇರೆ, ಹಾಗಾಗಿ ಮಾಡೆಲ್ ನಂಬರ್‌ನ ಫೋಟೊ ಕೂಡ ಬೇಕು.

ಲೈಟೇ ಇಲ್ಲ, ಅಥವಾ ಪರದೆ ಕಪ್ಪು

ಲೈಟೂ ಇಲ್ಲ, ಫ್ಯಾನ್ ಸದ್ದೂ ಇಲ್ಲ ಅಂದರೆ ಅದು ವಿಂಡೋಸ್ ವಿಷಯವೇ ಅಲ್ಲ, ಕರೆಂಟಿನ ವಿಷಯ. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿಸಿ. ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿಸಿ, ಎಷ್ಟೋ ಸಲ ಸತ್ತಿರೋದು ಯುಪಿಎಸ್ ಬ್ಯಾಟರಿ. ಸಿಪಿಯು ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತೆ, ಕಸ ಗುಡಿಸುವಾಗ ಕೈ ತಾಗಿ ಆಫ್ ಆಗಿರುತ್ತೆ. ವೈರನ್ನು ಇಲಿ ಕಡಿದಿದೆಯಾ ಅಂತಲೂ ನೋಡೋಕೆ ಹೇಳಿ, ಕಿರಾಣಿ ಅಂಗಡಿಗಳಲ್ಲಿ ಇದು ತಮಾಷೆಯ ಮಾತಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದು ಬಿಟ್ಟು, ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿಸಿ.

ಫ್ಯಾನ್ ತಿರುಗ್ತಿದೆ, ಪರದೆ ಮಾತ್ರ ಕಪ್ಪು ಅಂದರೆ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿಸಿ. ಅದರ ಲೈಟ್ ಹತ್ತಿ ಆರಿದರೆ ಕಂಪ್ಯೂಟರ್‌ಗೆ ಜೀವ ಇದೆ, ತೊಂದರೆ ಇರೋದು ಮಾನಿಟರ್ ಅಥವಾ ಅದರ ಕೇಬಲ್‌ನಲ್ಲಿ. ಲೈಟ್ ಅಲುಗಾಡದಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಧೂಳು, ಮಳೆಗಾಲದ ತೇವಕ್ಕೆ ಅದರ ತುದಿ ಕಪ್ಪಾಗಿರುತ್ತೆ. ಡೆಸ್ಕ್‌ಟಾಪ್ ಆಗಿದ್ದರೆ, ಮನೆಯಲ್ಲಿ ಧೈರ್ಯ ಇರೋ ಹುಡುಗ ಹುಡುಗಿ ಇದ್ದರೆ, ಪ್ಲಗ್ ಪೂರ್ತಿ ಕಿತ್ತು, ರ‍್ಯಾಮ್ ತೆಗೆದು, ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ ಟಕ್ ಅನ್ನೋವರೆಗೆ ಒತ್ತಿ ಕೂರಿಸಬಹುದು. ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಿಸಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತೆ.

ಹಳೇ ಕಂಪ್ಯೂಟರ್ ಪ್ರತಿ ಸಲ ಎಫ್ 1 ಒತ್ತು ಅಂತ ಕೇಳಿ, ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗ್ತಿದ್ದರೆ ಒಳಗಿನ ಬಿಲ್ಲೆ ಬ್ಯಾಟರಿ ಮುಗಿದಿದೆ. ಸಿಆರ್ 2032 ಅಂತ ಕೇಳಿದರೆ ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತೆ.

ಕಂಪನಿ ಹೆಸರು ಬಂದು ನಿಂತರೆ

ಮೊದಲು ಕೀಬೋರ್ಡ್, ಮೌಸ್ ಬಿಟ್ಟು ಮಿಕ್ಕಿದ್ದೆಲ್ಲ ಕೀಳಿಸಿ. ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ಪೆನ್‌ಡ್ರೈವ್, ಎಲ್ಲ. ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಹುಡುಕಿ, ಸಿಗದೆ "ಬೂಟ್ ಡಿವೈಸ್ ಇಲ್ಲ" ಅನ್ನೋ ಕಂಪ್ಯೂಟರ್‌ಗಳು ಬೇಕಾದಷ್ಟಿವೆ. ಪೆನ್‌ಡ್ರೈವ್ ಇಲ್ಲದೆಯೂ ಅದೇ ಮೆಸೇಜ್ ಬಂದರೆ ಹಾರ್ಡ್ ಡಿಸ್ಕ್ ಕೇಬಲ್ ಸಡಿಲ ಆಗಿದೆ, ಇಲ್ಲಾ ಡಿಸ್ಕೇ ಹೋಗಿದೆ. ಒಳಗಿಂದ ಟಕ್ ಟಕ್ ಅಂತ ಒಂದೇ ಸಮ ಶಬ್ದ ಬರುತ್ತಿದ್ದರೆ ತಕ್ಷಣ ಆಫ್ ಮಾಡಿಸಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಲೆಕ್ಕ ವಾಪಸ್ ಸಿಗೋ ಆಸೆ ಕಡಿಮೆ ಆಗುತ್ತೆ. ಅಪ್‌ಡೇಟ್ ಆಗ್ತಿದೆ, ಆಫ್ ಮಾಡಬೇಡಿ ಅಂತ ಬಂದಿದ್ದರೆ ಗಂಟೆ ಎರಡು ಗಂಟೆ ಸುಮ್ಮನೆ ಬಿಡೋದೇ ಒಳ್ಳೇದು.

ಡಿಸ್ಕ್ ಚೆನ್ನಾಗಿದ್ದು ವಿಂಡೋಸ್ ಮಾತ್ರ ಏಳ್ತಿಲ್ಲ ಅಂದರೆ ವಿಂಡೋಸ್ ಒಳಗೇ ಒಂದು ರಿಪೇರಿ ಕೋಣೆ ಇದೆ. ವಿಂಡೋಸ್ 10, 11ರಲ್ಲಿ ಏಳುವಾಗ ಎರಡು ಮೂರು ಸಲ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ನಿಲ್ಲಿಸಿದರೆ, ಮುಂದಿನ ಸಲ ಅದಾಗಿ ಅದೇ 'ಆಟೊಮ್ಯಾಟಿಕ್ ರಿಪೇರಿ'ಗೆ ಹೋಗುತ್ತೆ. ಅಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್, ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್‌ಡ್ ಆಪ್ಷನ್ಸ್. ಫೋನಲ್ಲಿ ಇದನ್ನ ಹೇಳಿ ಮಾಡಿಸೋದು ತಲೆನೋವೇ. ಒಂದು ಉಪಾಯ ಇದೆ. ದೂರದಲ್ಲಿರುವವರು ತಮ್ಮ ಲ್ಯಾಪ್‌ಟಾಪ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕೊಟ್ಟರೆ ಇದೇ ಪರದೆ ಬರುತ್ತೆ. ಎರಡೂ ಕಡೆ ಒಂದೇ ಚಿತ್ರ ಇದ್ದಾಗ "ಚಿಕ್ಕಪ್ಪ, ಬಲಗಡೆ ಮೇಲಿಂದ ಎರಡನೇದು" ಅಂದರೆ ಸಾಕು. ಮುಗಿದ ಮೇಲೆ ತಮ್ಮದರಲ್ಲಿ ಕಂಟಿನ್ಯೂ ಒತ್ತಿದರೆ ಮಾಮೂಲಿ ವಿಂಡೋಸ್‌ಗೆ ಬರುತ್ತೆ.

ಆ ಪಟ್ಟಿಯಲ್ಲಿ ಮೊದಲು ಸ್ಟಾರ್ಟಪ್ ರಿಪೇರಿ ಮಾಡಿಸಿ. ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆ ಆದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಅದಕ್ಕೂ ಬಗ್ಗದಿದ್ದರೆ ಸಿಸ್ಟಮ್ ರಿಸ್ಟೋರ್, ಇದು ಫೈಲ್ ಮುಟ್ಟಲ್ಲ, ಸೆಟ್ಟಿಂಗ್‌ಗಳನ್ನು ಹಿಂದಿನ ದಿನಕ್ಕೆ ಒಯ್ಯುತ್ತೆ. ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 5 ಒತ್ತಿದರೆ ಇಂಟರ್ನೆಟ್ ಸಮೇತ ಸೇಫ್ ಮೋಡ್ ಸಿಗುತ್ತೆ. ಕೇಬಲ್ ಇಂಟರ್ನೆಟ್ ಇದ್ದು, ಎನಿಡೆಸ್ಕ್ ಮೊದಲೇ ಹಾಕಿದ್ದರೆ ಅಲ್ಲಿ ಅದು ಕೈಹಿಡಿಯಬಹುದು.

48 ಅಂಕಿ ಕೇಳಿದರೆ ಗಾಬರಿ ಬೇಡ

ಈಗೀಗ ಹೆಚ್ಚು ಕಂಗಾಲು ಮಾಡೋದು ಬಿಟ್‌ಲಾಕರ್ ಪರದೆ. ನೀಲಿ ಪರದೆಯಲ್ಲಿ 48 ಅಂಕಿಯ ರಿಕವರಿ ಕೀ ಹಾಕು ಅಂತ ಕೇಳುತ್ತೆ. ಅಂಗಡಿಯವರಿಗೆ ಯಾರೋ ಹ್ಯಾಕ್ ಮಾಡಿದ್ದಾರೆ ಅನ್ನೋ ಭಯ. ಹ್ಯಾಕ್ ಅಲ್ಲ ಅದು. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕ್‌ಗೆ ಬೀಗ ಬೀಳುತ್ತೆ, ಯಾರೂ ಹೇಳದೇ ಬೀಳುತ್ತೆ. ಬಯೋಸ್ ಅಪ್‌ಡೇಟ್ ಆದರೆ, ಬಯೋಸ್ ಸೆಟ್ಟಿಂಗ್ ಬದಲಾದರೆ ಅದು ಬೀಗದ ಕೈ ಕೇಳುತ್ತೆ.

ಆ ಕೈ ಇರೋದು ಊರಲ್ಲಲ್ಲ, ಬಹುತೇಕ ದೂರದಲ್ಲಿರುವವರ ಹತ್ತಿರವೇ. ಲ್ಯಾಪ್‌ಟಾಪ್ ತಂದ ದಿನ ಯಾರ ಇಮೇಲ್ ಹಾಕಿ ಶುರು ಮಾಡಿದ್ದರೋ ಆ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಜಮಾ ಆಗಿರುತ್ತೆ. ಮಗನ ಇಮೇಲ್ ಇರಬಹುದು, ಮಾರಿದ ಅಂಗಡಿಯ ಹುಡುಗನದ್ದೂ ಇರಬಹುದು. ಫೋನಿಂದಲೇ ಆ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಒಳಗೆ ಬಿಟ್‌ಲಾಕರ್ ಕೀ ನೋಡಬಹುದು. ಪರದೆ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ, ಖಾತೆಯಲ್ಲಿರೋ ಐಡಿಗೆ ತಾಳೆ ಆಗಬೇಕು. ಆರಾರು ಅಂಕಿಯ ಎಂಟು ಗುಂಪು. ಒಂದು ಗುಂಪು ಹೇಳಿ, ಅವರಿಂದ ವಾಪಸ್ ಹೇಳಿಸಿಕೊಂಡು ಮುಂದಿನದಕ್ಕೆ ಹೋಗಿ. ಕೀ ಎಲ್ಲೂ ಸಿಗಲಿಲ್ಲ ಅಂದರೆ ಮೈಕ್ರೋಸಾಫ್ಟ್‌ನವರೂ ತೆಗೆದುಕೊಡಲಾರರು.

ರೀಸೆಟ್ ಒತ್ತುವ ಮುಂಚೆ

ರಿಪೇರಿ ಪರದೆಯಲ್ಲೇ 'ರೀಸೆಟ್ ದಿಸ್ ಪಿಸಿ' ಅಂತ ದೊಡ್ಡದಾಗಿ ಕಾಣುತ್ತೆ. ಕೈ ಅಲ್ಲಿಗೇ ಹೋಗುತ್ತೆ. 'ಕೀಪ್ ಮೈ ಫೈಲ್ಸ್' ಆರಿಸಿದರೂ ಟ್ಯಾಲಿ, ಬಿಲ್ಲಿಂಗ್ ಸಾಫ್ಟ್‌ವೇರ್, ಪ್ರಿಂಟರ್ ಡ್ರೈವರ್ ಎಲ್ಲ ಅಳಿಸಿಹೋಗುತ್ತೆ. ಡಾಕ್ಯುಮೆಂಟ್ಸ್ ಬಿಟ್ಟು ಬೇರೆ ಕಡೆ ಇಟ್ಟ ಲೆಕ್ಕ ಉಳಿಯುತ್ತೆ ಅನ್ನೋ ಭರವಸೆ ಇಟ್ಟುಕೊಳ್ಳೋ ಹಾಗಿಲ್ಲ. ಟ್ಯಾಲಿಪ್ರೈಮ್ ಸಾಮಾನ್ಯವಾಗಿ ಲೆಕ್ಕ ಇಡೋದು ಸಿ ಡ್ರೈವ್‌ನ ಯೂಸರ್ಸ್, ಪಬ್ಲಿಕ್, ಟ್ಯಾಲಿಪ್ರೈಮ್, ಡೇಟಾ ಫೋಲ್ಡರ್‌ನಲ್ಲಿ. ಸೇಫ್ ಮೋಡ್‌ಗೆ ಹೋಗಲು ಆದರೆ ಮೊದಲು ಆ ಫೋಲ್ಡರ್ ಪೆನ್‌ಡ್ರೈವ್‌ಗೆ ಕಾಪಿ ಆಗಲಿ, ರಿಪೇರಿ ಆಮೇಲೆ.

ಅದೂ ಆಗದಿದ್ದರೆ ಪೇಟೆಯ ರಿಪೇರಿ ಅಂಗಡಿಯೇ ಗತಿ, ಅದರಲ್ಲಿ ನಾಚಿಕೆ ಏನಿಲ್ಲ. ಕೊಡುವಾಗ "ಫಾರ್ಮ್ಯಾಟ್ ಮಾಡಬೇಡಿ, ಮೊದಲು ಡೇಟಾ ತೆಗೆದುಕೊಡಿ" ಅಂತ ಬಾಯಲ್ಲಿ ಹೇಳೋದಷ್ಟೇ ಅಲ್ಲ, ಚೀಟಿಯಲ್ಲಿ ಬರೆದು ಅಂಟಿಸಿ. ರಿಪೇರಿಯವರು ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ ಫೈಲ್ ತೆಗೀತಾರೆ. ಬಿಟ್‌ಲಾಕರ್ ಇದ್ದರೆ ಅಲ್ಲೂ ಆ 48 ಅಂಕಿ ಬೇಕು.

"ವಿಂಡೋಸ್ 10 ನಿಂತುಹೋಯ್ತು, ಅದಕ್ಕೇ ಆನ್ ಆಗ್ತಿಲ್ಲ, ಹೊಸದೇ ತಗೊಳ್ಳಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಅದರ ಮಾಮೂಲಿ ಬೆಂಬಲ ಮತ್ತು ಭದ್ರತಾ ಅಪ್‌ಡೇಟ್. ಆ ಕಾರಣಕ್ಕೆ ಕಂಪ್ಯೂಟರ್ ಏಳದೇ ಇರಲ್ಲ. ಬದಲಾಯಿಸೋದು ಒಳ್ಳೇದು ಅನ್ನೋದು ಬೇರೆ ಮಾತು.

ಗೂಗಲ್‌ನಲ್ಲಿ ಸಿಕ್ಕ ನಂಬರ್‌ಗೆ ಫೋನ್ ಬೇಡ

ಮಗ ಮೀಟಿಂಗ್‌ನಲ್ಲಿದ್ದಾನೆ, ಫೋನ್ ಎತ್ತುತ್ತಿಲ್ಲ. ಅಪ್ಪ ಮೊಬೈಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕ್ತಾರೆ. ಮೋಸಗಾರರು ಕಾಯೋದು ಇಂಥವರಿಗೇ. ಆ ಕಡೆಯವನು ಕಂಪ್ಯೂಟರ್ ಬಿಟ್ಟು ಮೊಬೈಲ್‌ಗೇ ಎನಿಡೆಸ್ಕ್ ಹಾಕಿಸ್ತಾನೆ, "ಹತ್ತು ರೂಪಾಯಿ ಸರ್ವೀಸ್ ಚಾರ್ಜ್" ಅಂತಾನೆ, ಒಟಿಪಿ ಅವನಿಗೇ ಕಾಣುತ್ತೆ. ಇಂಥ ಆ್ಯಪ್ ಹಾಕಿಸಿ ಹಣ ಎತ್ತುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಮೈಕ್ರೋಸಾಫ್ಟ್‌ನ ನಿಜವಾದ ಎರರ್ ಮೆಸೇಜ್‌ನಲ್ಲಿ ಫೋನ್ ನಂಬರ್ ಇರೋದೇ ಇಲ್ಲ. ಪರದೆ ಮೇಲೆ ನಂಬರ್ ಕಂಡರೆ ಅದು ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕ್‌ಗೂ ತಿಳಿಸಿ.

ಕಂಪ್ಯೂಟರ್ ಎದ್ದ ಮೇಲೆ ದೂರದಿಂದ ನೋಡಲು ವಿಂಡೋಸ್‌ನಲ್ಲೇ ಇರುವ ಕ್ವಿಕ್ ಅಸಿಸ್ಟ್ ಸಾಕು. ಪ್ರತಿ ಸಲ ಹೊಸ ಕೋಡ್ ಕೇಳುತ್ತೆ, ಮುಚ್ಚಿದ ಮೇಲೆ ಸಂಪರ್ಕ ಕಡಿಯುತ್ತೆ. ಎನಿಡೆಸ್ಕ್ ಬಳಸಿದ್ದರೆ, ಕೇಳದೇ ಒಳಬರುವ ಪಾಸ್‌ವರ್ಡ್ ಇಟ್ಟಿದ್ದನ್ನ ತೆಗೆದುಹಾಕಿ. ಅದೇ ಕಾಲ್‌ನಲ್ಲಿ, ಫೋನ್ ಇಡೋ ಮುಂಚೆ, ಟ್ಯಾಲಿ ಬ್ಯಾಕಪ್ ಪೆನ್‌ಡ್ರೈವ್‌ಗೆ ಹಾಕಿಸಿ, ಪೆನ್‌ಡ್ರೈವ್ ಕಿತ್ತು ಮನೆಗೆ ಒಯ್ಯಲು ಹೇಳಿ. ಬಿಟ್‌ಲಾಕರ್ ಕೀಯನ್ನು ಕಾಗದದಲ್ಲಿ ಬರೆಸಿ ಅಂಗಡಿ ಲೈಸೆನ್ಸ್ ಇರೋ ಫೈಲಿಗೆ ಸೇರಿಸಿ.